ಬಸ್ಸಿನ ನಷ್ಟ ಯಾರ ಲೆಕ್ಕ?

“ಸಾರಿಗೆ ನಿಗಮಗಳು ನಷ್ಟದಲ್ಲಿವೆ.” ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಈ ಒಂದು ವಾಕ್ಯ ಮಾತ್ರ ಬದಲಾಗುವುದಿಲ್ಲ. ಬಸ್ಸಿನ ದರ ಏರಿಸಬೇಕಾದಾಗ ಮಂತ್ರಿಗಳು ಇದನ್ನು ಹೇಳುತ್ತಾರೆ. ನೌಕರರು ಸಂಬಳ ಕೇಳಿದಾಗ ಅಧಿಕಾರಿಗಳು ಹೇಳುತ್ತಾರೆ. ಹಳ್ಳಿಯ ಕಡೆಯ ಟ್ರಿಪ್ಪನ್ನು ನಿಲ್ಲಿಸಿದಾಗ ಡಿಪೋದವರು ಹೇಳುತ್ತಾರೆ. ಕಾರಿನಲ್ಲಿ ಓಡಾಡುವ ಮಹನೀಯರು ಇದನ್ನೇ ಪತ್ರಿಕೆಯಲ್ಲಿ ಓದಿ, “ಹೆಂಗಸರಿಗೆಲ್ಲ ಪುಕ್ಕಟೆ ಕೊಟ್ಟರೆ ಇನ್ನೇನಾದೀತು?” ಎಂದು ತಲೆಯಾಡಿಸುತ್ತಾರೆ. ಇಷ್ಟು ಜನ ಇಷ್ಟು ಸಲ ಹೇಳಿದ ಮೇಲೆ, ಮಳೆಯಲ್ಲಿ ಬಸ್ಸಿಗೆ ಕಾದು ನಿಂತ ಬಡವನೂ ಅದನ್ನು ನಂಬತೊಡಗಿದ್ದಾನೆ.

ನಿಗಮದ ಲೆಕ್ಕದ ಪುಸ್ತಕದಲ್ಲಿ ಕೊರತೆ ಇಲ್ಲವೆಂದು ನಾವು ವಾದಿಸುತ್ತಿಲ್ಲ. ಕೊರತೆ ಇದೆ. ಆದರೆ ಆ ಕೊರತೆಯನ್ನು ಉಂಟುಮಾಡಿದವರು ಯಾರು, ಅದನ್ನು ತುಂಬಿಕೊಡುತ್ತಿರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ನಮ್ಮ ಹಕ್ಕು. ಉಂಟುಮಾಡಿದ್ದು ಸರ್ಕಾರ. ತುಂಬಿಕೊಡುತ್ತಿರುವವರು ಡ್ರೈವರುಗಳು, ಕಂಡಕ್ಟರುಗಳು, ಡಿಪೋದ ಮೆಕ್ಯಾನಿಕ್ಕುಗಳು, ಮತ್ತು ಸಂಜೆಯ ಬಸ್ಸನ್ನು ಕಳೆದುಕೊಂಡ ಹಳ್ಳಿಯ ಜನ. ಇದು ನಮ್ಮ ಉತ್ತರ. ಇದಕ್ಕೆ ಆಧಾರಗಳನ್ನು ವಾಚಕರ ಮುಂದಿಡುತ್ತೇವೆ.

ಇಲಾಖೆ ನಿಗಮವಾದ ಬಗೆ

೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಹೊರಟಿತು. ಆಗ ಇದ್ದದ್ದು ೧೨೦ ಬಸ್ಸುಗಳು. ಜವಾಬ್ದಾರಿ ಸರ್ಕಾರ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆಗ ಬಸ್ಸು ಸರ್ಕಾರದ ಒಂದು ಇಲಾಖೆಯಾಗಿತ್ತು. ರಸ್ತೆ ಹಾಕುವುದು ಹೇಗೆ ಸರ್ಕಾರದ ಕೆಲಸವೋ ಆ ರಸ್ತೆಯ ಮೇಲೆ ಜನರನ್ನು ಸಾಗಿಸುವುದೂ ಹಾಗೆಯೇ ಸರ್ಕಾರದ ಕೆಲಸವೆಂಬ ಭಾವನೆ ಅದರ ಹಿಂದೆ ಇತ್ತು. ಅತ್ತ ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆ ಮುಂಬಯಿ ರಾಜ್ಯದ ಬಸ್ಸುಗಳು. ಕಲಬುರ್ಗಿ, ರಾಯಚೂರು, ಬೀದರಗಳು ಸೇರಿದ್ದ ಹೈದರಾಬಾದಿನಲ್ಲಿ ನಿಜಾಮರ ರೈಲ್ವೆಯವರು ೧೯೩೨ರಲ್ಲೇ ಆರಂಭಿಸಿದ ರಸ್ತೆ ಸಾರಿಗೆ. ೧೯೫೬ರಲ್ಲಿ ಕನ್ನಡನಾಡು ಒಂದಾಯಿತು. ೧೯೬೧ರ ಆಗಸ್ಟ್ ೧ರಂದು ಇಲಾಖೆ ಹೋಗಿ ನಿಗಮ ಬಂತು. ೧೯೭೩ರಲ್ಲಿ ರಾಜ್ಯದ ಹೆಸರಿನ ಜೊತೆಗೆ ಅದರ ಹೆಸರೂ ಕರ್ನಾಟಕವಾಯಿತು. ೧೯೯೭ರಲ್ಲಿ ಬೆಂಗಳೂರಿನದು ಬೇರೆಯಾಯಿತು, ವಾಯವ್ಯದ್ದು ಬೇರೆಯಾಯಿತು. ೨೦೦೦ದಲ್ಲಿ ಈಶಾನ್ಯದ್ದೂ ಬೇರೆಯಾಗಿ, ೨೦೨೧ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರು ಪಡೆಯಿತು. ಒಂದಿದ್ದದ್ದು ನಾಲ್ಕಾಯಿತು. ನಾಲ್ಕು ಮಂಡಳಿ, ನಾಲ್ಕು ಅಧ್ಯಕ್ಷ ಪೀಠ. ಮಂತ್ರಿಗಿರಿ ದಕ್ಕದೆ ಮುನಿದವರನ್ನು ಕೂರಿಸಲು ನಾಲ್ಕು ಕುರ್ಚಿ.

ನಿಗಮಗಳನ್ನು ಆಳುವುದು ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ. ಅದರ ೧೮ನೆಯ ಕಲಮು ನಿಗಮದ ಕರ್ತವ್ಯವನ್ನು ಹೇಳುತ್ತದೆ: ರಾಜ್ಯದಲ್ಲಿ ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಆದ, ಒಂದಕ್ಕೊಂದು ಹೊಂದಿಕೆಯಿರುವ ಸಾರಿಗೆ ಒದಗಿಸಬೇಕು. ೨೨ನೆಯ ಕಲಮು ನಿಗಮವು ವ್ಯಾಪಾರದ ತತ್ತ್ವಗಳ ಮೇಲೆ ನಡೆಯಬೇಕೆಂದು ವಿಧಿಸುತ್ತದೆ. ಅಂದರೆ ಸೇವೆಯನ್ನೂ ಮಾಡಬೇಕು, ವ್ಯಾಪಾರವನ್ನೂ ಮಾಡಬೇಕು. ಎರಡನ್ನೂ ಕೂಡಿಸಬಹುದು, ಸೇವೆಯ ಖರ್ಚನ್ನು ಸೇವೆಗೆ ಆಜ್ಞೆ ಮಾಡಿದವನು ಕೊಟ್ಟರೆ. ನಮ್ಮ ಸರ್ಕಾರಗಳು ಮಾಡಿದ್ದೇನು? ಜನರೆದುರು ಓಟು ಕೇಳುವಾಗ ೧೮ನೆಯ ಕಲಮನ್ನು ಓದುತ್ತವೆ. ನೌಕರರೆದುರು ಸಂಬಳದ ಮಾತು ಬಂದಾಗ ೨೨ನೆಯದನ್ನು ಓದುತ್ತವೆ. ಈ ಎರಡು ನಾಲಗೆಯ ನಡುವೆ ಸಿಕ್ಕಿಕೊಂಡದ್ದು ನಿಗಮ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ಹೆಂಗಸರು ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದುಡ್ಡಿಲ್ಲದೆ ಪ್ರಯಾಣ ಮಾಡುವ ಹಕ್ಕು ಪಡೆದರು. ಸಮಾಜವಾದಿಗಳಾದ ನಾವು ಇದನ್ನು ಸ್ವಾಗತಿಸುತ್ತೇವೆ. ಡಾ. ರಾಮಮನೋಹರ ಲೋಹಿಯಾ ಅವರ ಸಪ್ತಕ್ರಾಂತಿಯಲ್ಲಿ ಗಂಡು ಹೆಣ್ಣಿನ ಸಮಾನತೆಗೇ ಮೊದಲ ಸ್ಥಾನ. ಅಡಿಕೆ ಸುಲಿಯಲು ಹೋಗುವವಳು, ಗಾರ್ಮೆಂಟ್ಸಿಗೆ ಹೋಗುವವಳು, ತವರಿನ ತಾಯಿಗೆ ಕಾಯಿಲೆಯೆಂದು ಕೇಳಿ ಹೊರಟವಳು ಗಂಡನ ಕೈ ನೋಡದೆ ಬಸ್ಸು ಹತ್ತುವಂತಾದದ್ದು ಸಣ್ಣ ಬದಲಾವಣೆಯಲ್ಲ. ೨೦೨೫ರ ಜುಲೈ ಹೊತ್ತಿಗೆ ೫೦೦ ಕೋಟಿ ಪ್ರಯಾಣಗಳಾದವು. ಇಷ್ಟೊಂದು ಪ್ರಯಾಣದ ಅಗತ್ಯ ನಮ್ಮ ಹೆಣ್ಣುಮಕ್ಕಳ ಎದೆಯೊಳಗೆ ಅದುಮಿಕೊಂಡು ಇತ್ತೆಂಬುದನ್ನು ಈ ಸಂಖ್ಯೆ ಹೇಳುತ್ತದೆ.

ನಮ್ಮ ಜಗಳ ಯೋಜನೆಯೊಡನೆ ಅಲ್ಲ, ಅದರ ಬಿಲ್ಲಿನೊಡನೆ. ಕಂಡಕ್ಟರು ಪ್ರತಿ ಹೆಂಗಸಿಗೂ ಶೂನ್ಯ ಟಿಕೆಟ್ಟು ಹರಿದು ಕೊಡುತ್ತಾನೆ. ಆ ಟಿಕೆಟ್ಟಿನ ಬೆಲೆಯನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡಬೇಕು. ೨೦೨೪-೨೫ರ ಬಜೆಟ್ಟಿನಲ್ಲಿ ಇದಕ್ಕೆಂದು ೫,೦೧೫ ಕೋಟಿ ರೂಪಾಯಿ ಇಡಲಾಯಿತು. ಆದರೆ ಬಜೆಟ್ಟಿನಲ್ಲಿ ಹಣ ಇಡುವುದು ಬೇರೆ. ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ, ಡೀಸೆಲ್ ಕೊಳ್ಳುವ ಕೈಗೆ ಅದು ತಲುಪುವುದು ಬೇರೆ. ಬಾಕಿ ಬೆಳೆಯಿತು. ೨೦೨೫ರ ಆರಂಭದಲ್ಲಿ ನೌಕರರ ಭವಿಷ್ಯನಿಧಿಯ ಬಾಕಿ ಮತ್ತು ಇಂಧನದ ಬಿಲ್ಲು ತೀರಿಸಲು ನಿಗಮಗಳು ೨,೦೦೦ ಕೋಟಿ ರೂಪಾಯಿ ಸಾಲ ಎತ್ತುವುದಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಭವಿಷ್ಯನಿಧಿ ಎಂದರೆ ಯಾರ ಹಣ? ಡ್ರೈವರಿನ ಮುಪ್ಪಿನ ಹಣ, ಕಂಡಕ್ಟರಿನ ಮಗಳ ಮದುವೆಯ ಹಣ. ಅದನ್ನು ಕಾಲಕ್ಕೆ ಸರಿಯಾಗಿ ಕಟ್ಟಲಾಗದ ಸ್ಥಿತಿಗೆ ನಿಗಮವನ್ನು ತಂದವರು, ಬಸ್ಸಿನ ಮೈಮೇಲೆ ತಮ್ಮ ಚಿತ್ರ ಅಂಟಿಸಿಕೊಂಡು ದಾನಿಗಳೆನಿಸಿಕೊಂಡರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನು “ಪುಕ್ಕಟೆಯಿಂದಲೇ ನಿಗಮ ಮುಳುಗಿತು” ಎನ್ನುವ ಮಹನೀಯರಿಗೆ ಒಂದು ಮಾತು. ೨೦೨೦ರ ಡಿಸೆಂಬರಿನಲ್ಲಿ, ೨೦೨೧ರ ಏಪ್ರಿಲಿನಲ್ಲಿ ನೌಕರರು ಬೀದಿಗಿಳಿದಾಗ ಶಕ್ತಿ ಯೋಜನೆ ಹುಟ್ಟಿರಲೇ ಇಲ್ಲ. ಆಗಲೂ ಇದೇ ನಷ್ಟದ ಮಂತ್ರವನ್ನು ಅವರಿಗೆ ಪಠಿಸಲಾಯಿತು. ಆಗ ಹೆಂಗಸರು ದುಡ್ಡು ಕೊಟ್ಟೇ ಓಡಾಡುತ್ತಿದ್ದರಲ್ಲ?

ತನ್ನ ಬಸ್ಸಿನಿಂದಲೇ ತೆರಿಗೆ

ಮತ್ತೊಂದು ಲೆಕ್ಕ ನೋಡೋಣ. ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯ ಸರ್ಕಾರ ೨೦೨೪ರ ಜೂನಿನಲ್ಲಿ ಶೇ. ೧೮.೪ಕ್ಕೆ ಏರಿಸಿತು. ಒಂದು ವರ್ಷ ತುಂಬುವ ಮೊದಲೇ, ೨೦೨೫ರ ಏಪ್ರಿಲಿನಲ್ಲಿ, ಶೇ. ೨೧.೧೭ಕ್ಕೆ ಏರಿಸಿತು. ಕೇಂದ್ರದ ಸುಂಕ ಬೇರೆ ಇದ್ದೇ ಇದೆ. ಬಸ್ಸು ಓಡುವುದು ಗಾಳಿಯಿಂದಲ್ಲ, ಡೀಸೆಲಿನಿಂದ. ಸರ್ಕಾರದ ಬಸ್ಸು ಸರ್ಕಾರಕ್ಕೇ ತೆರಿಗೆ ಕಟ್ಟಿ, ಕಟ್ಟಿದ ತೆರಿಗೆಯಿಂದ ಖರ್ಚು ಹೆಚ್ಚಾಯಿತೆಂದು ಸರ್ಕಾರದಿಂದಲೇ ಬೈಸಿಕೊಳ್ಳುತ್ತದೆ. ಎಡಗೈ ಕಿತ್ತುಕೊಂಡದ್ದನ್ನು ಬಲಗೈ ನಷ್ಟವೆಂದು ಬರೆದಿಡುತ್ತದೆ. ಇದರ ನಡುವೆ ೨೦೨೫ರ ಜನವರಿ ೫ರಿಂದ ಬಸ್ ದರ ಶೇ. ೧೫ರಷ್ಟು ಏರಿತು. ತೆರಿಗೆಯೂ ಜನರದೇ, ದರವೂ ಜನರದೇ.

ಆಕಾಶದಲ್ಲಿ ಹಾರುವವರ ಲೆಕ್ಕವೇ ಬೇರೆ. ನಮ್ಮ ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು ೪೫೦ ಕೋಟಿ ರೂಪಾಯಿ ಖರ್ಚಿನಲ್ಲಿ ವಿಮಾನ ನಿಲ್ದಾಣ ಎದ್ದಿತು. ೨೦೨೩ರ ಫೆಬ್ರುವರಿ ೨೭ರಂದು ಪ್ರಧಾನಮಂತ್ರಿಗಳೇ ಬಂದು ಉದ್ಘಾಟಿಸಿದರು. ಈ ನಿಲ್ದಾಣ ಲಾಭ ತರುತ್ತದೆಯೇ ಎಂದು ಯಾರಾದರೂ ವಿಧಾನಸೌಧದಲ್ಲಿ ಮೇಜು ಕುಟ್ಟಿ ಕೇಳಿದ್ದನ್ನು ನಾವು ಕೇಳಿಲ್ಲ. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ೨೦೧೬ರಲ್ಲಿ ಉಡಾನ್ ಎಂಬ ಯೋಜನೆ ಬಂತು. ಕಂಪನಿಯ ಖರ್ಚಿಗೂ ಟಿಕೆಟ್ಟಿನ ಹುಟ್ಟುವಳಿಗೂ ನಡುವೆ ಬೀಳುವ ಅಂತರವನ್ನು ಸರ್ಕಾರಗಳು ತುಂಬಿಕೊಡುತ್ತವೆ; ಕೇಂದ್ರದ ಪಾಲು ಹೆಚ್ಚು, ರಾಜ್ಯದ್ದು ಕಡಿಮೆ. ಅದಕ್ಕೆ ಇಟ್ಟ ಹೆಸರು “ವಯಬಿಲಿಟಿ ಗ್ಯಾಪ್”. ವಿಮಾನದ ಸೀಟು ಖಾಲಿಯಿದ್ದರೆ ಅದು ಗ್ಯಾಪು; ಹಳ್ಳಿಯ ಬಸ್ಸಿನ ಸೀಟು ಖಾಲಿಯಿದ್ದರೆ ಅದು ನಷ್ಟ! ಗ್ಯಾಪನ್ನು ತುಂಬಲಾಗುತ್ತದೆ, ನಷ್ಟವನ್ನು ನಿಲ್ಲಿಸಲಾಗುತ್ತದೆ. ಒಂದೇ ಬೊಕ್ಕಸ, ಎರಡು ನಿಘಂಟು.

೧೯೬೩ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ನಿಂತು, ಈ ದೇಶದ ೨೭ ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದಾಗ ಸರ್ಕಾರ ಹದಿನೈದಾಣೆಯ ಸರಾಸರಿಯನ್ನು ಮುಂದೆ ಹಿಡಿಯಿತು. ಅಂದಿನ ಪಾಠ ಇಂದಿಗೂ ಸಲ್ಲುತ್ತದೆ. ಲೆಕ್ಕ ಸುಳ್ಳಾಗಿರಬೇಕಾಗಿಲ್ಲ; ಯಾರನ್ನು ಬಿಟ್ಟು ಲೆಕ್ಕ ಹಾಕಿದ್ದಾರೆ ಎಂಬುದನ್ನು ನೋಡಬೇಕು.

ಕಾಕಿ ಅಂಗಿಯವರ ಪಾಡು

ಬಿಟ್ಟುಹೋದವರಲ್ಲಿ ಮೊದಲಿಗರು ನೌಕರರು. ೨೦೨೧ರ ಏಪ್ರಿಲ್ ೭ರಿಂದ ಸುಮಾರು ಎರಡು ವಾರ ಅವರು ಮುಷ್ಕರ ಹೂಡಿದರು. ಸರ್ಕಾರಿ ನೌಕರರಿಗೆ ಕೊಡುವಂತೆ ಆರನೆಯ ವೇತನ ಆಯೋಗದ ಸಂಬಳ ಕೊಡಿ ಎಂದು ಕೇಳಿದರು. ೧೯೪೮ರಲ್ಲಿ ಈ ಬಸ್ಸು ಸರ್ಕಾರದ ಇಲಾಖೆಯೇ ಆಗಿತ್ತೆಂಬುದನ್ನು ನೆನೆದರೆ ಇದೇನು ಚಂದ್ರನನ್ನು ಕೇಳಿದಂತಲ್ಲ. ಉತ್ತರವಾಗಿ ಬಂದದ್ದು ವಜಾ, ಅಮಾನತು, ದೂರದ ಊರಿಗೆ ವರ್ಗಾವಣೆ. ಸಾವಿರಾರು ಸಂಸಾರಗಳು ಇದರ ಪೆಟ್ಟು ತಿಂದವು. ಸರ್ಕಾರಿ ಬಸ್ ನಿಲ್ದಾಣದೊಳಕ್ಕೆ ಖಾಸಗಿ ಬಸ್ಸುಗಳನ್ನು ಕರೆತಂದು ನಿಲ್ಲಿಸಲಾಯಿತು. ಕೊರೋನಾ ಕಾಲದಲ್ಲಿ ಜೀವದ ಹಂಗು ತೊರೆದು ದುಡಿದವರಿಗೆ ಸಂದ ಬಹುಮಾನ ಇದು.

೨೦೨೩ರ ಮಾರ್ಚಿನಲ್ಲಿ, ಚುನಾವಣೆ ಹತ್ತಿರ ಬಂದಾಗ, ಮೂಲವೇತನದ ಮೇಲೆ ಶೇ. ೧೫ ಏರಿಕೆ ಘೋಷಣೆಯಾಯಿತು. ೨೦೨೦ರ ಜನವರಿಯಿಂದ ಆಗಬೇಕಾಗಿದ್ದ ಪರಿಷ್ಕರಣೆ ಅದು. ನಡುವಿನ ೩೮ ತಿಂಗಳ ಬಾಕಿ ಏನಾಯಿತು? ಅದನ್ನೂ, ೨೦೨೪ರ ಜನವರಿಯಿಂದ ಸಲ್ಲಬೇಕಾದ ಮುಂದಿನ ಪರಿಷ್ಕರಣೆಯನ್ನೂ ಕೇಳಿ ೨೦೨೫ರ ಆಗಸ್ಟ್ ೫ರಂದು ಮತ್ತೆ ಮುಷ್ಕರ ನಡೆಯಿತು. ಹೈಕೋರ್ಟಿನ ತಡೆಯಾಜ್ಞೆಯಿಂದ ಅದು ಅಂದೇ ನಿಂತಿತು. ದುಡಿಸಿಕೊಂಡ ಕೂಲಿಯನ್ನು ೩೮ ತಿಂಗಳು ಬಾಕಿ ಇಟ್ಟುಕೊಂಡ ಒಡೆಯನನ್ನು ಹಳ್ಳಿಯಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಟಿಕೆಟ್ಟಿದೆ, ಬಸ್ಸಿಲ್ಲ

ಎರಡನೆಯವರು ನಮ್ಮ ಮಲೆನಾಡಿನವರು. ರಾಷ್ಟ್ರೀಕರಣದ ಗಾಳಿ ಬಯಲುಸೀಮೆಯಲ್ಲಿ ಬೀಸಿದಂತೆ ಇಲ್ಲಿ ಬೀಸಲಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡಗಳ ಎಷ್ಟೋ ಮಾರ್ಗಗಳು ಖಾಸಗಿಯವರ ಕೈಯಲ್ಲೇ ಉಳಿದವು. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಕೆಂಪು ಬಸ್ಸು ಕಾಣದ ರಸ್ತೆಗಳು ಇನ್ನೂ ಇವೆ. ಅಲ್ಲಿನ ಹೆಂಗಸು ಆಧಾರ್ ಕಾರ್ಡು ಹಿಡಿದು ನಿಂತರೂ ಶಕ್ತಿ ಅವಳಿಗೆ ಸಿಗುವುದಿಲ್ಲ. ಅವಳ ಊರಿಗೆ ಬರುವುದು ದುಡ್ಡು ಕೊಟ್ಟು ಹತ್ತುವ ಬಸ್ಸು. ಬೆಂಗಳೂರಿನ ಹೆಂಗಸಿಗೆ ಸಿಕ್ಕ ಹಕ್ಕು ಬೆಟ್ಟದ ಹೆಂಗಸಿಗೆ ಏಕಿಲ್ಲ? ಇಬ್ಬರ ಓಟಿಗೂ ಒಂದೇ ಬೆಲೆಯಲ್ಲವೇ?

ಶರಾವತಿಯ ಹಿನ್ನೀರಿನಾಚೆಯ ಜನರ ಕಥೆ ಎಲ್ಲರಿಗೂ ತಿಳಿದದ್ದು. ನಾಡಿಗೆ ಬೆಳಕು ಕೊಡಲು ಲಿಂಗನಮಕ್ಕಿಯ ನೀರಿಗೆ ಮನೆ ಗದ್ದೆ ಬಿಟ್ಟುಕೊಟ್ಟು, ದಶಕಗಟ್ಟಲೆ ಲಾಂಚಿಗೆ ಕಾದು ಕುಳಿತವರು ಅವರು. ೨೦೨೫ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಸಂತೋಷ. ಆದರೆ ಸೇತುವೆಯ ಮೇಲೆ ಕಾರಿದ್ದವನು ತಾನೇ ಹೋಗುತ್ತಾನೆ; ಕಾರಿಲ್ಲದವನಿಗೆ ಬಸ್ಸು ಬಂದಾಗಲೇ ಸೇತುವೆ ಬಂದಂತೆ. ಕೋಟಿಗಟ್ಟಲೆ ಸುರಿದು ಸೇತುವೆ ಕಟ್ಟುವಾಗ ಕೇಳದ ಲಾಭನಷ್ಟವನ್ನು, ಅದರ ಮೇಲೆ ಓಡುವ ಬಸ್ಸಿಗೆ ಮಾತ್ರ ಕೇಳುವುದು ಯಾವ ನ್ಯಾಯ?

ಸಂಜೆಯ ಬಸ್ಸು ನಿಂತರೆ ಏನಾಗುತ್ತದೆಂಬುದು ನಷ್ಟದ ಪಟ್ಟಿಯಲ್ಲಿ ಬರುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯನ್ನು ಮನೆಯವರು ಬಿಡಿಸುತ್ತಾರೆ. ಆಸ್ಪತ್ರೆಯ ಕೆಲಸ ಮುಗಿಯದ ಮುದುಕ ನಿಲ್ದಾಣದ ಕಲ್ಲುಬೆಂಚಿನಲ್ಲಿ ರಾತ್ರಿ ಕಳೆಯುತ್ತಾನೆ. ಕೂಲಿಯವಳು ಆಟೋಕ್ಕೆ ಅರ್ಧ ದಿನದ ಕೂಲಿ ಸುರಿಯುತ್ತಾಳೆ. ಈ ಖರ್ಚನ್ನೂ ಬರೆದರೆ ಯಾರಿಗೆ ನಷ್ಟವೆಂದು ತಿಳಿದೀತು.

ಖಾಸಗಿಯೇ ಮದ್ದು ಎನ್ನುವವರಿಗೆ

“ಖಾಸಗಿ ಬಸ್ಸು ಲಾಭದಲ್ಲಿಲ್ಲವೇ?” ಎಂದು ಕೇಳುತ್ತಾರೆ. ಸರ್ಕಾರ ಬಾರದ ಊರಿಗೆ ಖಾಸಗಿಯವರು ಬಂದರು, ಘಟ್ಟದ ರಸ್ತೆಯಲ್ಲಿ ಮಳೆಗಾಲವೆಲ್ಲ ಓಡಿಸಿದರು. ಆ ಉಪಕಾರವನ್ನು ಮಲೆನಾಡು ಮರೆತಿಲ್ಲ. ಒಂದೆರಡು ಬಸ್ಸಿನ ಸಣ್ಣ ಮಾಲೀಕನೂ ಡೀಸೆಲಿನ ಬೆಲೆಗೆ, ತೆರಿಗೆಗೆ ನಲುಗುತ್ತಿದ್ದಾನೆ. ಆದರೆ ಲಾಭಕ್ಕಾಗಿ ಓಡುವ ಬಸ್ಸು ಜನ ತುಂಬುವ ಹೊತ್ತಿಗೆ ಓಡುತ್ತದೆ, ತುಂಬದ ಹೊತ್ತಿಗೆ ನಿಲ್ಲುತ್ತದೆ. ಅದು ಮಾಲೀಕನ ಕೆಟ್ಟತನವಲ್ಲ, ಲಾಭದ ಸ್ವಭಾವ.

ಬೇರೊಂದು ದಾರಿಯನ್ನು ಮಲೆನಾಡು ತೋರಿಸಿತ್ತು. ಕೊಪ್ಪದಲ್ಲಿ ಖಾಸಗಿ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಒಗ್ಗೂಡಿ ೧೯೯೧ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಅದರ ಒಡೆಯರು. ಸುಮಾರು ಮೂರು ದಶಕ ಅದು ಮಲೆನಾಡಿನ ಹಳ್ಳಿಗಳಿಗೆ ಬಸ್ಸು ಓಡಿಸಿತು, ವಿದ್ಯಾರ್ಥಿಗಳನ್ನು ರಿಯಾಯಿತಿಯಲ್ಲಿ ಹೊತ್ತಿತು. ಖರ್ಚಿನ ಭಾರ ತಾಳಲಾರದೆ ೨೦೨೦ರಲ್ಲಿ ಅದು ನಿಂತುಹೋಯಿತು. ದುಡಿಯುವವರೇ ಒಡೆಯರಾಗಿ ನಡೆಸಿದ ಇಂಥ ಸಂಸ್ಥೆಯನ್ನು ಉಳಿಸಿಕೊಳ್ಳಲೇಬೇಕೆಂಬ ಹಟ ವಿಧಾನಸೌಧಕ್ಕೆ ಬರಲಿಲ್ಲ. ದೊಡ್ಡ ಕಂಪನಿ ಮುಳುಗಿದರೆ ಓಡಿ ಬರುವ ಸರ್ಕಾರ, ಕಾರ್ಮಿಕರ ಸಂಸ್ಥೆ ಮುಳುಗಿದಾಗ ದಡದಲ್ಲಿ ನಿಂತು ನೋಡಿತು.

ಈಗ ಹೊಸ ಮದ್ದು ಬಂದಿದೆ: ವಿದ್ಯುತ್ ಬಸ್ಸು. ಹೊಗೆಯಿಲ್ಲದ ಬಸ್ಸು ಬರಲಿ, ನಮ್ಮ ತಕರಾರಿಲ್ಲ. ಆದರೆ ಬೆಂಗಳೂರಿನಲ್ಲಿ ಅದು ಬಂದ ಬಗೆ ನೋಡಿ. ಬಸ್ಸು ಕಂಪನಿಯದು, ಡ್ರೈವರು ಕಂಪನಿಯವನು, ಕಂಡಕ್ಟರು ಮಾತ್ರ ನಿಗಮದವನು. ಓಡಿದ ಕಿಲೋಮೀಟರಿಗೆ ಇಷ್ಟೆಂದು ನಿಗಮ ಕಂಪನಿಗೆ ಕೊಡಬೇಕು. ಜನ ಹತ್ತಲಿ ಬಿಡಲಿ, ಕಂಪನಿಯ ಹಣಕ್ಕೆ ಚ್ಯುತಿಯಿಲ್ಲ. ಹುಟ್ಟುವಳಿ ಕಡಿಮೆಯಾದರೆ ಆ ಹೊರೆ ನಿಗಮದ್ದು. ಹಿಂಬಾಗಿಲಿನಿಂದ ಹೀಗೆ ಖಾಸಗಿಯನ್ನು ಕರೆತಂದು, ನಾಳೆ ನಿಗಮದ ನಷ್ಟ ಇನ್ನೂ ಹೆಚ್ಚಿತೆಂದು ಮುಂಬಾಗಿಲನ್ನೂ ತೆರೆಯುತ್ತಾರೆ.

ನಮ್ಮ ಆಗ್ರಹ

ದೂರಿ ಕೂರುವುದು ಸಮಾಜವಾದಿಗಳ ಪದ್ಧತಿಯಲ್ಲ. ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ.

೧. ಶಕ್ತಿ ಯೋಜನೆ, ವಿದ್ಯಾರ್ಥಿ ಪಾಸು ಮೊದಲಾದ ಎಲ್ಲ ರಿಯಾಯಿತಿಗಳ ಹಣವನ್ನು ಸರ್ಕಾರ ಪ್ರತಿ ತಿಂಗಳ ಮೊದಲ ವಾರದಲ್ಲಿ ಮುಂಗಡವಾಗಿ ನಿಗಮಗಳಿಗೆ ಕೊಡಬೇಕು. ಹಿಂದಿನ ಬಾಕಿಯನ್ನು ಗಡುವು ಹಾಕಿಕೊಂಡು ತೀರಿಸಬೇಕು.

೨. ನಿಗಮದ ಬಸ್ಸುಗಳು ಸುಡುವ ಡೀಸೆಲಿನ ಮೇಲೆ ರಾಜ್ಯ ವಸೂಲು ಮಾಡುವ ಮಾರಾಟ ತೆರಿಗೆಯನ್ನು ನಿಗಮಕ್ಕೆ ಹಿಂತಿರುಗಿಸಬೇಕು.

೩. ಹುಟ್ಟುವಳಿ ಕಡಿಮೆಯಾದರೂ ಓಡಲೇಬೇಕಾದ ಮಾರ್ಗಗಳನ್ನು ತಾಲ್ಲೂಕುವಾರು ಪಟ್ಟಿ ಮಾಡಿ, ಅವುಗಳ ಖರ್ಚನ್ನು ಬಜೆಟ್ಟಿನಲ್ಲಿ ಬೇರೆಯಾಗಿ ತೋರಿಸಬೇಕು. ನಷ್ಟವೆಂಬ ಪದವನ್ನು ಆ ಮಾರ್ಗಗಳ ಮುಂದೆ ಬರೆಯುವುದನ್ನು ನಿಲ್ಲಿಸಬೇಕು.

೪. ಮಲೆನಾಡಿನ ಪ್ರತಿ ಗ್ರಾಮ ಪಂಚಾಯಿತಿ ಕೇಂದ್ರಕ್ಕೂ ಬೆಳಿಗ್ಗೆ ಒಂದು, ಸಂಜೆ ಒಂದು ಸರ್ಕಾರಿ ಬಸ್ಸು ಬರಬೇಕು. ರಸ್ತೆ ಕಿರಿದಾಗಿದ್ದರೆ ಸಣ್ಣ ಬಸ್ಸು ಬರಲಿ.

೫. ನೌಕರರ ೩೮ ತಿಂಗಳ ಬಾಕಿಯಲ್ಲಿ ಒಂದು ರೂಪಾಯಿಯೂ ಮುಳುಗಬಾರದು. ವೇತನ ಪರಿಷ್ಕರಣೆ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಆಗಬೇಕು. ಮುಷ್ಕರದ ಸೇಡಿನ ಪ್ರಕರಣಗಳೆಲ್ಲ ರದ್ದಾಗಬೇಕು.

೬. ವಿದ್ಯುತ್ ಬಸ್ಸುಗಳನ್ನು ನಿಗಮವೇ ಕೊಳ್ಳಬೇಕು, ನಿಗಮದ ಡ್ರೈವರೇ ಓಡಿಸಬೇಕು.

೭. ನಿಗಮದ ಮಂಡಳಿಗಳಲ್ಲಿ ನೌಕರರು ಆರಿಸಿದವರು, ಪ್ರಯಾಣಿಕರ ಪ್ರತಿನಿಧಿಗಳು ಕೂರಬೇಕು. ಬಸ್ಸು ಹತ್ತದವರು ಬಸ್ಸಿನ ಅಧ್ಯಕ್ಷರಾಗುವ ಪದ್ಧತಿ ಕೊನೆಯಾಗಬೇಕು.

ಇದಕ್ಕೆಲ್ಲ ಹಣವೆಲ್ಲಿದೆ ಎಂದು ಕೇಳುವವರು ಮೊದಲು ಸೋಗಾನೆಗೆ ಹೋಗಿ ರನ್‌ವೇಯ ಉದ್ದ ಅಳೆದು ಬರಲಿ. ಹಣವಿದೆ, ಅದು ಯಾವ ಕಡೆ ಹರಿಯಬೇಕೆಂಬುದೇ ರಾಜಕೀಯ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಅಳತೆಯ ಕೊಳಗ ನ್ಯಾಯವಾಗಿರಲಿ ಎಂದು ಎದ್ದು ನಿಂತರು. ಸಣ್ಣ ಬೇಡಿಕೆಯೆಂದು ನಕ್ಕವರೂ ಇದ್ದರು. ಆ ಕೊಳಗದ ಪ್ರಶ್ನೆ ಮುಂದೆ ಉಳುವವನೇ ಹೊಲದೊಡೆಯ ಎಂಬ ಪ್ರಶ್ನೆಯಾಗಿ ನಾಡನ್ನೆಲ್ಲ ಅಲುಗಿಸಿತು. ಇಂದು ಬಸ್ಸಿನ ಲೆಕ್ಕದಲ್ಲೂ ಮೋಸದ ಕೊಳಗವೇ ಅಳೆಯುತ್ತಿದೆ. ನೌಕರರ ಸಂಘಗಳೂ ಪ್ರಯಾಣಿಕರೂ ಬೇರೆ ಬೇರೆ ನಿಂತು ಒಬ್ಬರನ್ನೊಬ್ಬರು ಬೈಯುತ್ತಿರುವವರೆಗೆ ಈ ಕೊಳಗ ಬದಲಾಗದು. ನಿಮ್ಮ ಊರಿಗೆ ನಿಂತುಹೋದ ಬಸ್ಸಿನ ಮಾರ್ಗ, ಹೊತ್ತು, ನಿಂತ ತಿಂಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಊರಿನವರ ಸಹಿ ಹಾಕಿಸಿ, ತಾಲ್ಲೂಕು ಕಚೇರಿಗೆ ಕೊಡಿ. ಒಂದು ಪ್ರತಿಯನ್ನು ಡಿಪೋದ ನೌಕರರ ಸಂಘಕ್ಕೂ ಕೊಡಿ. ಡ್ರೈವರಿನ ಸಂಬಳ ಮತ್ತು ನಿಮ್ಮೂರ ಸಂಜೆಯ ಬಸ್ಸು ಒಂದೇ ಬೇಡಿಕೆ ಎಂದು ಎರಡು ಕಡೆಯವರಿಗೂ ತಿಳಿದ ದಿನ, ನಷ್ಟದ ಮಂತ್ರ ಪಠಿಸುವವರು ಬೇರೆ ಮಂತ್ರ ಹುಡುಕಬೇಕಾಗುತ್ತದೆ.